8×4 ಹಲಗೆಯ ಮೇಲೆ ಘಾಟಿ ರೈಲು: ಎಚ್‌ಒ ಲೇಔಟ್‌ನ ತಿರುವು, ಏರು, ವೈರಿಂಗ್ ಲೆಕ್ಕ

ಮಹಡಿ_ಜಂಕ್ಷನ್

ಎಲ್ಲರಿಗೂ ನಮಸ್ಕಾರ. ಮೈಸೂರಿನ ಮನೆಯ ಮಹಡಿ ಕೋಣೆಯಲ್ಲಿ 8 ಅಡಿ × 4 ಅಡಿಯ ಒಂದು ಪೂರ್ತಿ ಪ್ಲೈವುಡ್ ಹಾಳೆಗೆ ಜಾಗ ಇದೆ. ಉದ್ದದ ಒಂದು ಬದಿಗೆ ಗೋಡೆ, ಉಳಿದ ಮೂರು ಕಡೆ ಓಡಾಡಬಹುದು. ಎಚ್‌ಒ ಸ್ಕೇಲ್‌ನಲ್ಲಿ (ಅಸಲಿಯ 87ರಲ್ಲಿ ಒಂದು ಪಾಲಿನ ಅಳತೆ) ಸಕಲೇಶಪುರ ಘಾಟಿಯನ್ನು ನೆನಪಿಸುವ ಮಾಡೆಲ್ ರೈಲು ಲೇಔಟ್ ಮಾಡುವ ಆಸೆ. ಒಂದು ಸಣ್ಣ ಸ್ಟೇಷನ್, ಒಂದು ಸುರಂಗ, ಒಂದು ಸೇತುವೆ ಸಾಕು. ಎರಡು ಡೀಸೆಲ್ ಇಂಜಿನ್, ಹಳೆಯ ಮಾದರಿಯ ಐಸಿಎಫ್ ಬೋಗಿಗಳ ಒಂದು ಪ್ಯಾಸೆಂಜರ್, ಮೇಲ್ಭಾಗ ತೆರೆದ ಬಾಕ್ಸ್‌ಎನ್ ವ್ಯಾಗನ್‌ಗಳ ಒಂದು ಗೂಡ್ಸ್ ಓಡಬೇಕು.

ತಿರುವಿನ ತ್ರಿಜ್ಯ ಎಷ್ಟು ಇಡಲಿ? ಅಸಲಿ ಘಾಟಿಯ ಹಾಗೆ 1:50 ಏರು ಕೊಡಬಹುದೇ? ಮೊದಲಿಂದಲೇ ಡಿಸಿಸಿಗೆ (ಹಳಿಯ ಮೂಲಕ ಪ್ರತಿ ಇಂಜಿನ್‌ಗೂ ಬೇರೆ ಬೇರೆ ಡಿಜಿಟಲ್ ಆಜ್ಞೆ ಕಳಿಸುವ ಪದ್ಧತಿ) ಹೋಗಲೇ? ವೇಗದ ಆಸೆ ಇಲ್ಲ. ಗೂಡ್ಸ್ ಗಾಡಿ ಏರು ಹತ್ತುವ ಹಾಗೆ ನಿಧಾನಕ್ಕೆ, ಎಲ್ಲೂ ಮುಗ್ಗರಿಸದೆ ಹೋಗಬೇಕು.

ಬಾಕ್ಸ್‌ಎನ್_ಬಳ್ಳಾರಿ

ಸ್ವಾಗತ ಸರ್. ತ್ರಿಜ್ಯವನ್ನು ಹಲಗೆ ನೋಡಿ ನಿರ್ಧರಿಸಬೇಡಿ, ಓಡಿಸುವ ಗಾಡಿ ನೋಡಿ ನಿರ್ಧರಿಸಿ. ಎಚ್‌ಒ ಅಂದರೆ 1:87. ಅಸಲಿ ಉದ್ದವನ್ನು 87ರಿಂದ ಭಾಗಿಸಿದರೆ ಹೀಗೆ ಬರುತ್ತದೆ:

ಎಲ್‌ಎಚ್‌ಬಿ (ಹೊಸ ಮಾದರಿಯ) ಬೋಗಿ: 23.54 ಮೀ, ಮಾಡೆಲ್‌ನಲ್ಲಿ 270 ಮಿಮೀ
ಐಸಿಎಫ್ ಬೋಗಿ: 21.34 ಮೀ, 245 ಮಿಮೀ
ಡಬ್ಲ್ಯುಡಿಎಂ-3ಎ ಇಂಜಿನ್: 17.12 ಮೀ, 197 ಮಿಮೀ
ಬಾಕ್ಸ್‌ಎನ್ ವ್ಯಾಗನ್: 10.71 ಮೀ, 123 ಮಿಮೀ

ತ್ರಿಜ್ಯ ಗಾಡಿಯ ಉದ್ದದ ಎರಡು ಪಟ್ಟಿದ್ದರೆ ಗಾಡಿ ಹೇಗೋ ತಿರುಗುತ್ತದೆ, ಅಷ್ಟೇ. ಎರಡೂವರೆ ಪಟ್ಟಿದ್ದರೆ ನಂಬಿಕೆಯಿಂದ ಓಡಿಸಬಹುದು. ಮೂರೂವರೆ, ನಾಲ್ಕು ಪಟ್ಟಾದಾಗ ಮಾತ್ರ ಕಣ್ಣಿಗೆ ಚೆಂದ. ನಿಮ್ಮ ಹಲಗೆಯ ಅಗಲ 1220 ಮಿಮೀ. ಹಳಿಯ ನಡುಗೆರೆಯಿಂದ ಅಂಚಿಗೆ 50 ಮಿಮೀ ಬಿಟ್ಟರೆ ಸಿಗುವ ಅತಿ ದೊಡ್ಡ ತ್ರಿಜ್ಯ 22 ಇಂಚು, ಅಂದರೆ 559 ಮಿಮೀ. ಬಾಕ್ಸ್‌ಎನ್‌ಗೆ ಇದು ನಾಲ್ಕೂವರೆ ಪಟ್ಟು, ರಾಜಯೋಗ. ಇಂಜಿನ್‌ಗೆ 2.8 ಪಟ್ಟು, ತೊಂದರೆ ಇಲ್ಲ. ಐಸಿಎಫ್‌ಗೆ 2.3 ಪಟ್ಟು ಮಾತ್ರ. ಓಡುತ್ತದೆ, ಆದರೆ ಕಪ್ಲಿಂಗ್ ಬೋಗಿಯ ಒಡಲಿಗೆ ಬಿಗಿದಿದ್ದರೆ ತಿರುವಿನಲ್ಲಿ ಪಕ್ಕದ ಬೋಗಿಯನ್ನು ಹಳಿಯಿಂದ ಆಚೆ ತಳ್ಳುತ್ತದೆ. ಕಪ್ಲಿಂಗ್ ಚಕ್ರದ ಟ್ರಾಲಿಗೇ ಸೇರಿರುವ ಬೋಗಿಗಳನ್ನು ಆರಿಸಿ. ಎಲ್‌ಎಚ್‌ಬಿ ಈ ಹಲಗೆಗೆ ಬೇಡ.

ನನ್ನ ಅಭಿಪ್ರಾಯ ನೇರವಾಗಿ ಹೇಳುವೆ: 8×4 ಹಲಗೆ ಗೂಡ್ಸ್ ಗಾಡಿಯ ಹಲಗೆ. 12 ಬಾಕ್ಸ್‌ಎನ್, ಒಂದು ಬ್ರೇಕ್ ವ್ಯಾನ್, ಮುಂದೊಂದು ಹಿಂದೊಂದು ಇಂಜಿನ್ ಹಾಕಿದರೆ ಘಾಟಿಯ ಗತ್ತು ತಾನಾಗಿ ಬರುತ್ತದೆ. ಪ್ಯಾಸೆಂಜರ್ ಗಾಡಿಗೆ ಮೂರು ಬೋಗಿ ಸಾಕು.

ಗೇಜ್_762

ಖರೀದಿಗೆ ಮುಂಚೆ ಒಂದು ಎಚ್ಚರಿಕೆ. ಒಒ ಎಂಬ ಇನ್ನೊಂದು ಸ್ಕೇಲ್ ಮತ್ತು ಎಚ್‌ಒ ಎರಡಕ್ಕೂ ಗೇಜ್, ಅಂದರೆ ಹಳಿಗಳ ನಡುವಿನ ಅಂತರ, ಒಂದೇ, 16.5 ಮಿಮೀ. ಆದರೆ ಒಒ ಸ್ಕೇಲ್ 1:76. ಗಾಡಿ ಎಚ್‌ಒಗಿಂತ ಶೇ. 14-15ರಷ್ಟು ದೊಡ್ಡದು. ಹಳಿ, ಪಾಯಿಂಟ್ (ಹಳಿ ಕವಲೊಡೆಯುವ ತುಂಡು), ಕಂಟ್ರೋಲರ್ ಯಾವುದನ್ನು ಬೇಕಾದರೂ ಬೆರೆಸಿ, ಗಾಡಿ ಮತ್ತು ಕಟ್ಟಡಗಳನ್ನು ಬೆರೆಸಬೇಡಿ. ಪಕ್ಕಪಕ್ಕ ನಿಂತಾಗ ಕಣ್ಣಿಗೆ ಹೊಡೆಯುತ್ತದೆ.

ಇನ್ನೊಂದು ವಿಷಯ. 16.5ನ್ನು 87ರಿಂದ ಗುಣಿಸಿದರೆ 1435 ಮಿಮೀ, ಅದು ಯುರೋಪ್ ಮತ್ತು ಅಮೆರಿಕದ ಸ್ಟ್ಯಾಂಡರ್ಡ್ ಗೇಜ್. ನಮ್ಮ ಬ್ರಾಡ್‌ಗೇಜ್ 1676 ಮಿಮೀ, ಎಚ್‌ಒದಲ್ಲಿ ಅದು 19.3 ಮಿಮೀ ಆಗಬೇಕಿತ್ತು. ಆ ಅಳತೆಯ ಹಳಿ ಬೇಕೆಂದರೆ ಹಳಿ, ಪಾಯಿಂಟ್, ಚಕ್ರದ ಅಚ್ಚು ಎಲ್ಲವನ್ನೂ ಕೈಯಲ್ಲೇ ಮಾಡಬೇಕು. ಅದಕ್ಕೇ ಬಹುತೇಕ ಎಲ್ಲರೂ 16.5ಕ್ಕೆ ಒಪ್ಪಿಕೊಳ್ಳುತ್ತಾರೆ.

ಅಳತೆ ಅಚ್ಚುಕಟ್ಟಾಗಿರಬೇಕು ಅನ್ನುವವರಿಗೆ ಬೇರೆ ಎರಡು ದಾರಿ ಇವೆ. ಸಕಲೇಶಪುರ ಘಾಟಿ ಮಾರ್ಗ 1979ರಲ್ಲಿ ಶುರುವಾದಾಗ ಮೀಟರ್ ಗೇಜ್ ಆಗಿತ್ತು. ಮೀಟರ್ ಗೇಜ್ ಎಚ್‌ಒದಲ್ಲಿ 11.5 ಮಿಮೀ, ಎಚ್‌ಒಗಿಂತ ಸಣ್ಣ ಟಿಟಿ ಸ್ಕೇಲ್‌ನ 12 ಮಿಮೀ ಹಳಿ ಅದಕ್ಕೆ ಹೊಂದುತ್ತದೆ. ಆ ಹಳಿಯ ಮೇಲೆ ವೈಡಿಎಂ-4 ಡೀಸೆಲ್ ಇಂಜಿನ್ ಇಟ್ಟರೆ ಹಳೆಯ ಘಾಟಿಯೇ. ಶಿವಮೊಗ್ಗ–ತಾಳಗುಪ್ಪದ ರೈಲ್‌ಬಸ್ ಕೂಡ ಇದೇ ಗೇಜಿನದಾಗಿತ್ತು, ಒಂದೇ ಡಬ್ಬಿಯ ಗಾಡಿಯಾದ್ದರಿಂದ ಬಾಡಿ ಕಟ್ಟಿ ಕಲಿಯಲು ಒಳ್ಳೆಯದು.

ಎರಡನೆಯದು ನ್ಯಾರೋಗೇಜ್. ಬಂಗಾರಪೇಟೆ–ಕೋಲಾರ–ಚಿಕ್ಕಬಳ್ಳಾಪುರ–ಯಲಹಂಕ ಮಾರ್ಗ ಒಂದು ಕಾಲಕ್ಕೆ 762 ಮಿಮೀ ಗೇಜ್. ಎಚ್‌ಒದಲ್ಲಿ ಅದು 8.76 ಮಿಮೀ, ಇನ್ನೂ ಸಣ್ಣ ಎನ್ ಸ್ಕೇಲ್‌ನ 9 ಮಿಮೀ ಹಳಿಗೆ ಕೂದಲೆಳೆಯ ವ್ಯತ್ಯಾಸ. ಎನ್ ಸ್ಕೇಲ್ ಇಂಜಿನ್‌ನ ಚಾಸಿ ತೆಗೆದುಕೊಂಡು ಮೇಲೆ ಎಚ್‌ಒ ಅಳತೆಯ ಬಾಡಿ ಕೂರಿಸಿದರೆ ಆಯಿತು. 250–300 ಮಿಮೀ ತ್ರಿಜ್ಯ ಸಾಕು, ಅರ್ಧ ಹಲಗೆಯಲ್ಲಿ ನಂದಿ ಬೆಟ್ಟದ ತಪ್ಪಲು ಮುಗಿಯುತ್ತದೆ.

ಮಹಡಿ_ಜಂಕ್ಷನ್

ಗೇಜ್_762 ಅವರೇ, ಲೆಕ್ಕ ಮನಸ್ಸಿಗೆ ಹಿಡಿಸಿತು. ಆದರೂ ಬಾಕ್ಸ್‌ಎನ್ ಬಿಡಲು ಮನಸ್ಸಿಲ್ಲ, 16.5ರಲ್ಲೇ ಮುಂದುವರಿಯುತ್ತೇನೆ. ತ್ರಿಜ್ಯ 559 ಎಂದು ಇಟ್ಟುಕೊಂಡೆ. ಹಲಗೆ ಮತ್ತು ಏರಿನ ಬಗ್ಗೆ ಹೇಳಿ.

ಕುಡ್ಲ_ಹಳಿ

ಹಲಗೆ ಕೆಟ್ಟರೆ ಮೇಲಿನದ್ದೆಲ್ಲ ಕೆಟ್ಟಂತೆ, ಇಲ್ಲಿ ಉಳಿತಾಯ ಬೇಡ. ಕರಾವಳಿ, ಮಲೆನಾಡಿಗೆ ಐಎಸ್ 710 ಗುರುತಿನ ಮರೈನ್ ಪ್ಲೈ. ಮೈಸೂರಿನ ಒಣ ಹವೆಗೆ ಐಎಸ್ 303ರ ಬಿಡಬ್ಲ್ಯುಆರ್ ದರ್ಜೆ ಸಾಕು. ದಪ್ಪ 12 ಮಿಮೀ. ಕೆಳಗೆ 2×1 ಇಂಚಿನ ರೀಪರನ್ನು ಮಲಗಿಸದೆ ಎದ್ದು ನಿಲ್ಲಿಸಿ, 400 ಮಿಮೀಗೊಂದರಂತೆ ಅಡ್ಡ ಕೊಡಿ. ರೀಪರು ಕೂರಿಸುವ ಮೊದಲೇ ಪ್ರತಿಯೊಂದರ ನಡುವೆ 20 ಮಿಮೀ ತೂತು ಕೊರೆದಿಟ್ಟರೆ ಮುಂದೆ ವೈರ್ ಎಳೆಯಲು ಹಲಗೆಯಡಿ ಮಲಗಿ ಒದ್ದಾಡಬೇಕಿಲ್ಲ. ಮೊಳೆ ಬೇಡ, ಒಂದೂವರೆ ಇಂಚಿನ ಸ್ಕ್ರೂ. ಮೊಳೆ ವರ್ಷದೊಳಗೆ ಸಡಿಲವಾಗಿ ಗಾಡಿ ಓಡುವಾಗ ಗರಗರ ಸದ್ದು ಕೊಡುತ್ತದೆ.

ಬಣ್ಣ ಅಥವಾ ಸ್ಯಾಂಡಿಂಗ್ ಸೀಲರ್ ಅನ್ನು ಮೇಲೆ, ಕೆಳಗೆ, ನಾಲ್ಕೂ ಅಂಚಿಗೆ ಬಳಿಯಿರಿ. ಮೇಲ್ಭಾಗಕ್ಕೆ ಮಾತ್ರ ಬಳಿದರೆ ಮಳೆಗಾಲದಲ್ಲಿ ಕೆಳಭಾಗ ತೇವ ಹೀರಿ ಹಿಗ್ಗುತ್ತದೆ, ಮೇಲ್ಭಾಗ ಹಿಗ್ಗುವುದಿಲ್ಲ, ಹಲಗೆ ಬಿಲ್ಲಿನಂತೆ ಬಾಗುತ್ತದೆ.

ಗೋಡೆ ಬದಿ ನಿಮ್ಮ ದೊಡ್ಡ ಸಮಸ್ಯೆ. ಕೈ ಚಾಚಿ ಕೆಲಸ ಮಾಡಲು ಸಿಗುವುದು ಸುಮಾರು 750 ಮಿಮೀ, ಹಲಗೆ 1220. ಕಾಲುಗಳಿಗೆ ಬ್ರೇಕ್ ಇರುವ ಗಾಲಿ ಹಾಕಿ, ಬೇಕಾದಾಗ ಎಳೆದುಕೊಳ್ಳಿ. ಸುರಂಗ ಗೋಡೆ ಬದಿಗೆ ಬರುವುದಾದರೆ ಬೆಟ್ಟದ ಹಿಂಭಾಗ ತೆರೆದೇ ಇರಲಿ. ಗಾಡಿ ಹಳಿ ತಪ್ಪುವುದು ಕೈ ಹೋಗದ ಜಾಗದಲ್ಲೇ.

ಸುರಂಗದ ಬಾಯಿ ಕಟ್ಟುವ ಮೊದಲು ಅತಿ ಉದ್ದದ ಬೋಗಿಯ ಮಧ್ಯಕ್ಕೂ ಮೂಲೆಗೂ ಪೆನ್ಸಿಲ್ ತುಂಡು ಅಂಟಿಸಿ, ಆ ತಿರುವಿನಲ್ಲಿ ಕೈಯಿಂದ ತಳ್ಳಿ ಗೆರೆ ಎಳೆಯಿರಿ. ಬೋಗಿಯ ಹೊಟ್ಟೆ ತಿರುವಿನ ಒಳಕ್ಕೂ ಮೂಲೆ ಹೊರಕ್ಕೂ ಎಷ್ಟು ಚಾಚುತ್ತದೆ ಎಂದು ಕಾಣುತ್ತದೆ. ಆ ಗೆರೆಯಿಂದ 6–8 ಮಿಮೀ ಬಿಟ್ಟು ಗೋಡೆ ಕಟ್ಟಿ.

ಬಾಕ್ಸ್‌ಎನ್_ಬಳ್ಳಾರಿ

ಏರಿನ ಲೆಕ್ಕ. 1:50 ಅಂದರೆ ಶೇ. 2. ಒಂದು ಹಳಿಯ ಮೇಲೆ ಇನ್ನೊಂದು ಹಳಿ ದಾಟಬೇಕಾದರೆ ಕೆಳಗಿನ ಹಳಿಯಿಂದ 75 ಮಿಮೀ ಖಾಲಿ ಜಾಗ, ಮೇಲೆ ಪ್ಲೈ ಮತ್ತು ಕಾರ್ಕ್ ಸೇರಿ ಸುಮಾರು 95 ಮಿಮೀ ಎತ್ತರ ಬೇಕು. ಶೇ. 2ರಲ್ಲಿ ಅದಕ್ಕೆ 4.75 ಮೀ ಉದ್ದ, ಇಳಿಯಲು ಮತ್ತೆ ಅಷ್ಟೇ. ನಿಮ್ಮ ಹೊರಸುತ್ತಿನ ಒಟ್ಟು ಉದ್ದವೇ 5.95 ಮೀ. ಆಗದ ಮಾತು. ಶೇ. 4 ಕೊಟ್ಟು ಹತ್ತಿಸುವವರೂ ಇದ್ದಾರೆ, ತಿರುವೂ ಏರೂ ಒಟ್ಟಿಗೆ ಬಂದರೆ ಆರು ವ್ಯಾಗನ್‌ಗೇ ಚಕ್ರ ಜಾರುತ್ತದೆ.

ಎತ್ತರ 20 ಮಿಮೀಗೆ ಸೀಮಿತ ಮಾಡಿಕೊಳ್ಳಿ. ಸಮತಟ್ಟಿನಿಂದ ಒಮ್ಮೆಲೇ ಶೇ. 2ಕ್ಕೆ ಹೋಗಬಾರದು. ಒಂದು ಇಂಜಿನ್ ಉದ್ದಕ್ಕೆ, ಅಂದರೆ 200 ಮಿಮೀಗೆ, ಅರ್ಧ ಶೇಕಡಾದಂತೆ ಏರಿಸಿದರೆ ಕೆಳಗೆ 800 ಮಿಮೀ, ಮೇಲೆ 800 ಮಿಮೀ ಬರೀ ಹೊಂದಾಣಿಕೆಗೇ ಬೇಕು. ಆ ಎರಡರಲ್ಲೇ 16 ಮಿಮೀ ಏರಿಯಾಯಿತು. ನಡುವೆ 200 ಮಿಮೀ ಪೂರ್ತಿ ಶೇ. 2. ಒಟ್ಟು ಹತ್ತಲು 1.8 ಮೀ, ಇಳಿಯಲು 1.8 ಮೀ, ಉಳಿದ 2.35 ಮೀ ಸ್ಟೇಷನ್‌ಗೆ ಸಮತಟ್ಟು. ಹೊಂದಾಣಿಕೆ ಬಿಟ್ಟರೆ ಏರಿನ ಬುಡದಲ್ಲಿ ಇಂಜಿನ್‌ನ ನಡುವಿನ ಚಕ್ರ ಹಳಿ ಬಿಟ್ಟು ಏಳುತ್ತದೆ, ನೆತ್ತಿಯಲ್ಲಿ ಕಪ್ಲಿಂಗ್ ಮೇಲಕ್ಕೆ ಜಾರಿ ಗಾಡಿ ಎರಡಾಗುತ್ತದೆ.

ಘಾಟಿ ಕಾಣಬೇಕಾದರೆ ಹಳಿ ಏರಿಸುವುದಕ್ಕಿಂತ ನೆಲ ಇಳಿಸಿ. ಸೇತುವೆ ಬರುವಲ್ಲಿ ಪ್ಲೈಯನ್ನು 300×400 ಮಿಮೀ ಕತ್ತರಿಸಿ ತೆಗೆದು, 150 ಮಿಮೀ ಕೆಳಗೆ ಇನ್ನೊಂದು ತುಂಡು ಕೂರಿಸಿ ಹಳ್ಳ ಮಾಡಿ. ಹಳಿ 20 ಮಿಮೀ ಏರಿದ್ದರೂ ನೋಡುವವರಿಗೆ ಕಾಣುವುದು 170 ಮಿಮೀ ಕಂದರ. ಅಸಲಿ ಅಳತೆಯಲ್ಲಿ ಅದು ಸುಮಾರು 15 ಮೀಟರ್ ಆಳ.

ಮಹಡಿ_ಜಂಕ್ಷನ್

ನೆಲ ಇಳಿಸುವ ಉಪಾಯ ಹೊಳೆದಿರಲಿಲ್ಲ, ಧನ್ಯವಾದ. ಹಳಿಗೆ ಸೆಟ್‌ನಲ್ಲಿ ಬರುವ ತುಂಡು ಹಳಿ ಸಾಕೇ, ಬೇಕಾದಂತೆ ಬಗ್ಗಿಸುವ ಉದ್ದದ ಫ್ಲೆಕ್ಸ್ ಹಳಿ ಬೇಕೇ?

ಬೆಸುಗೆ_ಕಡ್ಡಿ

ಫ್ಲೆಕ್ಸ್. ತುಂಡು ಹಳಿಯಲ್ಲಿ ಪ್ರತಿ 15–20 ಸೆಂಮೀಗೊಂದು ಕೀಲು, ಪ್ರತಿ ಕೀಲೂ ಮುಂದೊಂದು ದಿನ ವಿದ್ಯುತ್ ತಡೆಯುವ ಜಾಗ.

ಫ್ಲೆಕ್ಸ್ ಸಾಮಾನ್ಯವಾಗಿ 914 ಮಿಮೀ ಉದ್ದ. ನಿಮ್ಮ ಅರ್ಧವೃತ್ತ 1756 ಮಿಮೀ, ಎರಡು ಫ್ಲೆಕ್ಸ್ ಸೇರಿದರೆ 1828. ಸರಿಯಾಗಿ ಕೂರುತ್ತದೆ. ಎರಡನ್ನೂ ಮೇಜಿನ ಮೇಲೆ ನೆಟ್ಟಗೆ ಇಟ್ಟು, ಜಾಯಿನರ್ ಹಾಕಿ, ಬೆಸೆದು, ಆಮೇಲೆ ಒಂದೇ ಹಳಿಯಂತೆ ಬಗ್ಗಿಸಿ. ಬಗ್ಗಿಸಿದ ಮೇಲೆ ಸೇರಿಸಿದರೆ ಕೀಲಿನಲ್ಲಿ ಮೊಣಕೈಯಂತೆ ಮಡಿಕೆ ಉಳಿಯುತ್ತದೆ. ಹೊರಗಿನ ಹಳಿಗಿಂತ ಒಳಗಿನ ಹಳಿ ಅರ್ಧವೃತ್ತಕ್ಕೆ 52 ಮಿಮೀ ಹೆಚ್ಚು ಹೊರಚಾಚುತ್ತದೆ. 16.5ನ್ನು ಪೈಯಿಂದ ಗುಣಿಸಿದ್ದು ಅಷ್ಟೇ, ತ್ರಿಜ್ಯ ಎಷ್ಟಿದ್ದರೂ ಇದೇ ಅಂಕಿ. ಅದನ್ನು ಕತ್ತರಿಸಿ, ತುದಿಯ ಚೂಪನ್ನು ಸಣ್ಣ ಅರದಿಂದ ಮೇಲೂ ಒಳಬದಿಗೂ ಉಜ್ಜಿ. ಬೆರಳಿನ ಉಗುರು ಎಳೆದಾಗ ಎಲ್ಲೂ ತಡೆಯಬಾರದು.

ಬೆಸುಗೆಗೆ 60/40 ರೋಸಿನ್ ಕೋರ್, 1 ಮಿಮೀ. 25 ವ್ಯಾಟ್ ಕಡ್ಡಿ ಹಳಿಯನ್ನು ಬೇಗ ಬಿಸಿ ಮಾಡಲಾರದು, ಬಿಸಿಯಾಗುವಷ್ಟರಲ್ಲಿ ಸ್ಲೀಪರ್ ಕರಗಿರುತ್ತದೆ. 50–60 ವ್ಯಾಟ್ ಕಡ್ಡಿ, ಎರಡು ಸೆಕೆಂಡ್ ಕೆಲಸ. ಎರಡೂ ಬದಿಗೆ ಒದ್ದೆ ಹತ್ತಿ ಇಡಿ. ಆಸಿಡ್ ಇರುವ ಫ್ಲಕ್ಸ್ ಮುಟ್ಟಬೇಡಿ, ತಿಂಗಳೊಳಗೆ ಕೀಲು ಹಸಿರುಗಟ್ಟುತ್ತದೆ.

ಎಲ್ಲ ಕೀಲನ್ನೂ ಬೆಸೆಯಬೇಡಿ. ತಿರುವಿನ ಕೀಲು ಬೆಸೆದು, ನೆಟ್ಟಗಿನ ಹಳಿಯ ಕೀಲಿನಲ್ಲಿ ವಿಸಿಟಿಂಗ್ ಕಾರ್ಡ್ ತೂರುವಷ್ಟು ಸಂದು ಬಿಡಿ. ಬಿಸಿಲಿಗೆ ಹಳಿ ಹಿಗ್ಗುವುದಕ್ಕಿಂತ ತೇವಕ್ಕೆ ಮರ ಹಿಗ್ಗಿ ಕುಗ್ಗುವುದು ಹೆಚ್ಚು. ಸಂದು ಇಲ್ಲದಿದ್ದರೆ ಹಳಿ ಸ್ಲೀಪರ್ ಕಿತ್ತುಕೊಂಡು ಪಕ್ಕಕ್ಕೆ ಉಬ್ಬುತ್ತದೆ.

ಇನ್ನೊಂದು: ಎಡಕ್ಕೆ ತಿರುಗಿದ ಕೂಡಲೇ ಬಲಕ್ಕೆ ತಿರುಗುವ ಹಾವಿನ ನಡೆ ಎಲ್ಲಿ ಬಂದರೂ ನಡುವೆ ಅತಿ ಉದ್ದದ ಗಾಡಿಯಷ್ಟು, ನಿಮಗೆ 245 ಮಿಮೀ, ನೆಟ್ಟಗಿನ ಹಳಿ ಇರಲೇಬೇಕು.

ಧಾರವಾಡ_ಯಾರ್ಡ್

ಕಾರ್ಕ್ ಬಗ್ಗೆ ಯಾರೂ ಹೇಳಲಿಲ್ಲಲ್ರಿ. 5 ಮಿಮೀ ಕಾರ್ಕ್ ಶೀಟ್ ತಗೊಂಡು ಹಳಿಯ ನಡುಗೆರಿ ಮ್ಯಾಲ ಎರಡು ಸೀಳು ಮಾಡಿ ಅಂಟಸ್ರಿ, ಒಂದ ಅಗಲ ಪಟ್ಟಿ ತಿರುವಿನ್ಯಾಗ ಸರಿ ಬಗ್ಗೂದಿಲ್ಲ. ಫೆವಿಕಾಲ್ ತೆಳ್ಳಗ ಹಚ್ಚಿ, ಗುಂಡುಪಿನ್ ಹೊಡದು, ಮ್ಯಾಲ ಭಾರ ಇಟ್ಟು ಒಂದು ರಾತ್ರಿ ಬಿಡ್ರಿ. ಕಾರ್ಕ್ ಸಿಗಲಿಲ್ಲಂದ್ರ 5 ಮಿಮೀ ಇವಿಎ ಫೋಮ್ ಹಾಕಬಹುದು, ಆದ್ರ ಅದು ಮೆತ್ತಗ. ಪಿನ್ ಜೋರಾಗಿ ಹೊಡದ್ರ ಸ್ಲೀಪರ್ ನಡುವ ಬಗ್ಗಿ ಗೇಜ್ ಕಿರಿದಾಗತೈತಿ. ಪಿನ್ ತಲಿ ಸ್ಲೀಪರ್ ಮುಟ್ಟೂದ್ರೊಳಗ ನಿಲ್ಲಸ್ರಿ.

ಬೆಟ್ಟಕ್ಕ ಥರ್ಮೋಕೋಲ್ ಹಚ್ಚೂದಿದ್ರ ರಬ್ಬರ್ ಅಂಟು ಬ್ಯಾಡ್ರಿ, ಅದರಾಗಿನ ಸಾಲ್ವೆಂಟ್ ಥರ್ಮೋಕೋಲ್ ತಿಂದ ಬಿಡತೈತಿ. ಬಿಳಿ ಫೆವಿಕಾಲ್ ಒಂದ ಸಾಕು.

ಬೆಸುಗೆ_ಕಡ್ಡಿ

ವೈರಿಂಗ್‌ಗೆ ಬರೋಣ. ಮುಗ್ಗರಿಸದ ಓಟ ಬೇಕು ಅಂದಿರಿ, ಅದರ ಮುಕ್ಕಾಲು ಪಾಲು ಇಲ್ಲೇ ಇದೆ.

ಹಳಿ ನಿಕಲ್ ಸಿಲ್ವರ್: ತಾಮ್ರ, ಸತು, ನಿಕಲ್ ಬೆರಕೆ, ಬೆಳ್ಳಿ ಇರುವುದಿಲ್ಲ. ತಾಮ್ರಕ್ಕೆ ಹೋಲಿಸಿದರೆ ಅದರ ತಡೆ ಹತ್ತು ಪಟ್ಟಿಗೂ ಹೆಚ್ಚು. ಆದ್ದರಿಂದ ಹಳಿಯನ್ನೇ ತಂತಿಯೆಂದು ನಂಬಬೇಡಿ. ಹಲಗೆಯಡಿ 1.5 ಚದರ ಮಿಮೀಯ ಮನೆ ವೈರಿಂಗ್ ತಂತಿ ಎರಡು ಬಣ್ಣದಲ್ಲಿ ಓಡಿಸಿ, ಅದು ಬಸ್, ಅಂದರೆ ಮುಖ್ಯ ತಂತಿ. ಪ್ರತಿ 914 ಮಿಮೀ ಹಳಿಗೆ ಬಸ್‌ನಿಂದ ಒಂದು ಜೊತೆ 0.5 ಚದರ ಮಿಮೀ ಫೀಡರ್ ತಂತಿ, 150 ಮಿಮೀಗಿಂತ ಉದ್ದ ಬೇಡ. ಫೀಡರನ್ನು ಹಳಿಯ ಹೊರಬದಿಗೆ ಬೆಸೆಯಿರಿ, ಒಳಬದಿಯಲ್ಲಿ ಚಕ್ರದ ಅಂಚು ಬಡಿಯುತ್ತದೆ. ಬಸ್‌ನ ಎರಡು ತುದಿಗಳನ್ನು ಉಂಗುರದಂತೆ ಸೇರಿಸಬೇಡಿ. 3 ಮೀಟರ್ ದೂರಕ್ಕೆ 2 ಆಂಪಿಯರ್ ಹೋದರೂ ಈ ತಂತಿಯಲ್ಲಿ ಇಳಿಯುವುದು 0.2 ವೋಲ್ಟ್‌ಗಿಂತ ಕಡಿಮೆ.

ಪರೀಕ್ಷೆ ಹೀಗೆ. ಬೈಕಿನ 12 ವೋಲ್ಟ್ 10 ವ್ಯಾಟ್ ಇಂಡಿಕೇಟರ್ ಬಲ್ಬನ್ನು ಹಳಿಗೆ ಅಡ್ಡ ಹಿಡಿಯಿರಿ, ಮೊದಲು ಕಂಟ್ರೋಲರ್ ಪಕ್ಕ, ಆಮೇಲೆ ದೂರದ ತುದಿಯಲ್ಲಿ. ಮಲ್ಟಿಮೀಟರ್ ಎರಡೂ ಕಡೆ ತೋರಿಸುವ ವ್ಯತ್ಯಾಸ ಅರ್ಧ ವೋಲ್ಟ್ ಮೀರಿದರೆ ಯಾವುದೋ ಕೀಲು ಅಥವಾ ಫೀಡರ್ ಸಡಿಲ. ಬಲ್ಬ್ ಇಲ್ಲದೆ ಬರೀ ಮೀಟರ್ ಹಿಡಿದರೆ ಎಲ್ಲ ಸರಿ ಇದ್ದಂತೆಯೇ ತೋರಿಸುತ್ತದೆ, ಕರೆಂಟ್ ಹರಿಯದೆ ವೋಲ್ಟ್ ಇಳಿಯುವುದಿಲ್ಲ.

ಪಾಯಿಂಟ್ ಆಯ್ಕೆಯಲ್ಲೂ ಜಾಗ್ರತೆ. ಫ್ರಾಗ್ (ಪಾಯಿಂಟ್‌ನಲ್ಲಿ ಎರಡು ಹಳಿ ಒಂದನ್ನೊಂದು ದಾಟುವ ಜಾಗ) ಪ್ಲಾಸ್ಟಿಕ್ ಆಗಿದ್ದರೆ ಸಣ್ಣ ಇಂಜಿನ್ ಅದರ ಮೇಲೆ ನಿಂತುಬಿಡುತ್ತದೆ. ಅಲ್ಲದೆ ಫ್ರಾಗ್ ತುದಿಯಲ್ಲಿ ಎರಡು ಹಳಿ ತೀರಾ ಹತ್ತಿರ ಬರುವಲ್ಲಿ ಅಗಲ ಚಕ್ರ ಎರಡನ್ನೂ ಮುಟ್ಟಿ ಕ್ಷಣಮಾತ್ರ ಶಾರ್ಟ್ ಆಗುತ್ತದೆ. ಆ ತುದಿಗೆ ನೇಲ್ ಪಾಲಿಶ್ ಎರಡು ಪದರ ಹಚ್ಚಿದರೆ ನಿಲ್ಲುತ್ತದೆ, ಸವೆದಾಗ ಮತ್ತೆ ಹಚ್ಚಬೇಕು. ಲೋಹದ ಫ್ರಾಗ್ ಇರುವುದೇ ಮೇಲು, ಅದಕ್ಕೆ ಪಾಯಿಂಟ್ ತಿರುಗಿದಾಗ ಧ್ರುವ ಬದಲಾಗಬೇಕು. ಅಗ್ಗದ ದಾರಿ ಎಂದರೆ ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಸಿಗುವಂಥ ಡಿಪಿಡಿಟಿ (ಎರಡು ಸಂಪರ್ಕಗಳನ್ನು ಒಟ್ಟಿಗೆ ಬದಲಿಸುವ) ಸ್ಲೈಡ್ ಸ್ವಿಚ್. ಅದನ್ನು ಹಲಗೆಯಡಿ ಬಿಗಿದು, ಅದರ ಗುಬುಟಿಯಲ್ಲಿ 1 ಮಿಮೀ ತೂತು ಕೊರೆದು, 0.8 ಮಿಮೀ ಸ್ಪ್ರಿಂಗ್ ತಂತಿ ನಿಲ್ಲಿಸಿ ಪಾಯಿಂಟ್‌ನ ಅಡ್ಡಪಟ್ಟಿಗೆ ಸೇರಿಸಿ. ಸ್ವಿಚ್ ತಳ್ಳಿದರೆ ಪಾಯಿಂಟೂ ತಿರುಗುತ್ತದೆ, ಫ್ರಾಗಿನ ಧ್ರುವವೂ ಬದಲಾಗುತ್ತದೆ. ಸ್ವಿಚ್ಚಿನ ನಡೆ ಪಾಯಿಂಟ್‌ಗೆ ಬೇಕಾದದ್ದಕ್ಕಿಂತ ಹೆಚ್ಚು, ಆ ಹೆಚ್ಚಳವನ್ನು ತಂತಿ ಬಾಗಿ ನುಂಗುತ್ತದೆ. ಅದಕ್ಕೇ ದಪ್ಪ ತಂತಿ ಬೇಡ.

ಸಿವಿ_29

ಡಿಸಿಯೋ ಡಿಸಿಸಿಯೋ ಎಂಬುದಕ್ಕೆ ನನ್ನ ಉತ್ತರ: ಒಂದೇ ಹಳಿಯಲ್ಲಿ ಎರಡು ಇಂಜಿನ್ ಓಡುವುದಾದರೆ ಡಿಸಿಸಿ. ಗೂಡ್ಸ್‌ನ ಹಿಂದೆ ಬ್ಯಾಂಕರ್ (ಏರಿನಲ್ಲಿ ಹಿಂದಿನಿಂದ ತಳ್ಳುವ ಇಂಜಿನ್) ಹಾಕುವ ಆಸೆ ಇರುವವರಿಗೆ ಬೇರೆ ಮಾತೇ ಇಲ್ಲ.

ಡಿಸಿಯಲ್ಲಿ ಹಳಿಯ ವೋಲ್ಟ್ 0ಯಿಂದ 12ರವರೆಗೆ ಏರಿಳಿಯುತ್ತದೆ, ನಿಧಾನಕ್ಕೆ ಹೋಗುವಾಗ ಹಳಿಯಲ್ಲಿ 2–3 ವೋಲ್ಟ್ ಮಾತ್ರ, ಸ್ವಲ್ಪ ಕೊಳೆ ಇದ್ದರೂ ನಿಂತಿತು. ಡಿಸಿಸಿಯಲ್ಲಿ ಯಾವಾಗಲೂ 13–15 ವೋಲ್ಟ್, ವೇಗವನ್ನು ಇಂಜಿನ್ ಒಳಗಿನ ಡಿಕೋಡರ್ ನೋಡಿಕೊಳ್ಳುತ್ತದೆ. ನಿಧಾನದ ಓಟಕ್ಕೆ ಇದೇ ದೊಡ್ಡ ಲಾಭ.

ಸ್ವಂತ ಕಟ್ಟುವವರಿಗೆ ಡಿಸಿಸಿ-ಇಎಕ್ಸ್ ಎಂಬ ತಂತ್ರಾಂಶ ಇದೆ. ಆರ್ಡುಯಿನೋ ಮೆಗಾ 2560 ಬೋರ್ಡ್, ಅದರ ಮೇಲೆ ಎಲ್298 ಚಿಪ್‌ನ ಮೋಟರ್ ಶೀಲ್ಡ್, 15 ವೋಲ್ಟ್ 3 ಆಂಪಿಯರ್ ಅಡಾಪ್ಟರ್. ಎಲ್298 ತನ್ನಲ್ಲೇ ಸುಮಾರು 2 ವೋಲ್ಟ್ ನುಂಗುವುದರಿಂದ ಹಳಿಗೆ 13 ಸಿಗುತ್ತದೆ, ಸಾಕು. ಶೀಲ್ಡ್ ಕೂರಿಸುವ ಮೊದಲು ಅದರ ಹಿಂಬದಿಯ ವಿಐಎನ್ ಜೋಡಣೆಯ ಗೆರೆಯನ್ನು ಕತ್ತಿಯಿಂದ ಕತ್ತರಿಸಿ, ಇಲ್ಲದಿದ್ದರೆ ಹಳಿಯ 15 ವೋಲ್ಟ್ ಮೆಗಾ ಬೋರ್ಡ್‌ಗೂ ನುಗ್ಗಿ ಅದರ ರೆಗ್ಯುಲೇಟರ್ ಸುಡಬಹುದು. ಎ ಚಾನೆಲ್ ಮುಖ್ಯ ಹಳಿಗೆ, ಬಿ ಚಾನೆಲ್ ಪ್ರೋಗ್ರಾಮಿಂಗ್ ಹಳಿಗೆ, ಅಂದರೆ ಡಿಕೋಡರ್ ಹೊಂದಿಸಲು ಇಡುವ ಪ್ರತ್ಯೇಕ ಹಳಿಗೆ. ಕಂಪ್ಯೂಟರ್‌ನಲ್ಲಿ ಉಚಿತವಾಗಿ ಸಿಗುವ ಜೆಎಂಆರ್‌ಐ ತಂತ್ರಾಂಶ ಹಾಕಿದರೆ ಫೋನನ್ನೇ ಥ್ರಾಟಲ್ (ವೇಗದ ಹಿಡಿಕೆ) ಮಾಡಿಕೊಳ್ಳಬಹುದು.

ಡಿಕೋಡರ್ ತಂತಿಗಳ ಬಣ್ಣ: ಕೆಂಪು ಬಲ ಹಳಿ, ಕಪ್ಪು ಎಡ ಹಳಿ, ಕೇಸರಿ ಮತ್ತು ಬೂದು ಮೋಟರ್, ಬಿಳಿ ಮುಂದಿನ ದೀಪ, ಹಳದಿ ಹಿಂದಿನ ದೀಪ, ನೀಲಿ ದೀಪಗಳ ಸಾಮಾನ್ಯ ಪಾಸಿಟಿವ್. ಎಲ್‌ಇಡಿಗೆ 1 ಕಿಲೋ ಓಮ್ ರೆಸಿಸ್ಟರ್ ಕಡ್ಡಾಯ. ಹಳೆಯ ಇಂಜಿನ್‌ಗಳಲ್ಲಿ ಮೋಟರಿನ ಒಂದು ಬ್ರಶ್ ನೇರ ಚಾಸಿಗೆ ತಾಗಿರುತ್ತದೆ. ಅದನ್ನು ಬೇರ್ಪಡಿಸದೆ ಡಿಕೋಡರ್ ಹಾಕಿದರೆ ಮೊದಲ ಕ್ಷಣದಲ್ಲೇ ಹೊಗೆ. ಕೇಸರಿ ತಂತಿಗೂ ಚಾಸಿಗೂ, ಬೂದು ತಂತಿಗೂ ಚಾಸಿಗೂ ನಡುವೆ ಮೀಟರ್ ಬೀಪ್ ಅನ್ನಬಾರದು. ಮೊದಲ ಬಾರಿ ಇಡುವುದು ಪ್ರೋಗ್ರಾಮಿಂಗ್ ಹಳಿಯ ಮೇಲೇ, ಅಲ್ಲಿ ಕರೆಂಟ್ ಮಿತಿಯಲ್ಲಿರುವುದರಿಂದ ತಪ್ಪಿದ್ದರೂ ಡಿಕೋಡರ್ ಉಳಿಯುವ ಸಾಧ್ಯತೆ ಹೆಚ್ಚು.

ಘಾಟಿ ನಡಿಗೆಗೆ ಸಿವಿಗಳು, ಅಂದರೆ ಡಿಕೋಡರ್ ಒಳಗೆ ನಾವು ಬದಲಿಸಬಹುದಾದ ಅಂಕಿಗಳು. ಸಿವಿ1 ವಿಳಾಸ, ಹೊಸ ಡಿಕೋಡರ್‌ನಲ್ಲಿ 3 ಇರುತ್ತದೆ, ಎರಡು ಇಂಜಿನ್‌ಗೂ ಬೇರೆ ಬೇರೆ ಕೊಡಿ. ಸಿವಿ2 ಇಂಜಿನ್ ಹೊರಡಲು ಬೇಕಾದ ಕನಿಷ್ಠ ವೋಲ್ಟ್, ವೇಗದ ಒಂದನೇ ಹೆಜ್ಜೆಗೆ ಚಕ್ರ ಉರುಳುವವರೆಗೆ ಏರಿಸಿ. ಸಿವಿ3, ಸಿವಿ4 ವೇಗ ಏರುವ, ಇಳಿಯುವ ಸಮಯ. ಎನ್‌ಎಂಆರ್‌ಎ (ಅಮೆರಿಕದ ಮಾಡೆಲ್ ರೈಲು ಸಂಘ) ಸೂತ್ರದಂತೆ ಆ ಅಂಕಿಯನ್ನು 0.9ರಿಂದ ಗುಣಿಸಿದರೆ ನಿಂತಲ್ಲಿಂದ ಪೂರ್ತಿ ವೇಗಕ್ಕೆ ತಗಲುವ ಸೆಕೆಂಡು. 20 ಹಾಕಿದರೆ 18 ಸೆಕೆಂಡು. ಸಿವಿ29ರಲ್ಲಿ 6 ಇದ್ದರೆ 2 ಮಾಡಿ, ಡಿಸಿ ಓಟ ಬಂದ್ ಆಗುತ್ತದೆ. ಅದು ತೆರೆದಿದ್ದರೆ ಶಾರ್ಟ್ ಆಗಿ ಮತ್ತೆ ಪವರ್ ಬಂದಾಗ ಇಂಜಿನ್ ಡಿಸಿ ಎಂದು ತಿಳಿದು ಪೂರ್ತಿ ವೇಗದಲ್ಲಿ ಓಡಿಹೋಗಬಹುದು. ಉದ್ದ ವಿಳಾಸ ಬಳಸುವವರು ಇದಕ್ಕೆ 32 ಕೂಡಿಸಬೇಕು.

ವೇಗ ಅಳೆಯಲು: ಅಸಲಿಯಲ್ಲಿ ಗಂಟೆಗೆ 30 ಕಿಮೀ ಅಂದರೆ ಎಚ್‌ಒದಲ್ಲಿ ಒಂದು ಮೀಟರ್ ಹಳಿ ದಾಟಲು 10.4 ಸೆಕೆಂಡು. ಎರಡೂ ಇಂಜಿನ್ ಬೇರೆ ಬೇರೆಯಾಗಿ ಓಡಿಸಿ, ಸಿವಿ5, ಸಿವಿ6 (ಗರಿಷ್ಠ, ನಡು ವೇಗ) ತಿದ್ದಿ ಒಂದೇ ಸಮಯಕ್ಕೆ ತಂದ ಮೇಲೆ ಮಾತ್ರ ಬ್ಯಾಂಕರ್ ಜೋಡಿಸಿ. ಹಿಂದಿನ ಇಂಜಿನ್ ಸ್ವಲ್ಪ ವೇಗವಾದರೂ ತಿರುವಿನ ನಡುವಿನ ಹಗುರ ವ್ಯಾಗನ್ ಹೊರಕ್ಕೆ ಜಿಗಿಯುತ್ತದೆ.

ಬಾಕ್ಸ್‌ಎನ್_ಬಳ್ಳಾರಿ

ಹಗುರ ವ್ಯಾಗನ್ ಅಂದಿರಿ, ತೂಕದ ಲೆಕ್ಕ ಇಲ್ಲೇ ಸೇರಿಸುವೆ. ಎನ್‌ಎಂಆರ್‌ಎ ಶಿಫಾರಸು: 1 ಔನ್ಸ್, ಜೊತೆಗೆ ಪ್ರತಿ ಇಂಚು ಉದ್ದಕ್ಕೆ ಅರ್ಧ ಔನ್ಸ್. 123 ಮಿಮೀ ಬಾಕ್ಸ್‌ಎನ್‌ಗೆ ಸುಮಾರು 97 ಗ್ರಾಂ, 245 ಮಿಮೀ ಬೋಗಿಗೆ 165 ಗ್ರಾಂ. ಅಡುಗೆ ಮನೆಯ ಡಿಜಿಟಲ್ ತಕ್ಕಡಿ ಸಾಕು. ಭಾರ ಕಮ್ಮಿ ಇದ್ದರೆ ಕಾರಿನ ಚಕ್ರಕ್ಕೆ ಅಂಟಿಸುವ 5 ಗ್ರಾಂ, 10 ಗ್ರಾಂ ಬ್ಯಾಲೆನ್ಸ್ ತುಂಡುಗಳನ್ನು ವ್ಯಾಗನ್‌ನ ತಳದಲ್ಲಿ, ಎರಡೂ ಟ್ರಾಲಿಗೆ ಸಮವಾಗಿ ಅಂಟಿಸಿ. ಮೇಲಕ್ಕೆ ಅಂಟಿಸಿದರೆ ತಿರುವಿನಲ್ಲಿ ವಾಲುತ್ತದೆ. ಚಕ್ರಗಳ ಒಳಮೈಗಳ ನಡುವಿನ ಅಂತರ ಸುಮಾರು 14.4 ಮಿಮೀ ಇರಬೇಕು, ವರ್ನಿಯರ್‌ನಿಂದ ಪ್ರತಿ ಜೊತೆಯನ್ನೂ ನೋಡಿ. ಪಾಯಿಂಟ್ ಮೇಲೆ ಮಾತ್ರ ಹಳಿ ತಪ್ಪುವ ವ್ಯಾಗನ್‌ಗೆ ಹತ್ತಕ್ಕೆ ಎಂಟು ಸಲ ಇದೇ ಕಾರಣ.

ಗೇಜ್_762

ಜಲ್ಲಿಗೆ ಹೊರಗಿನ ಪೊಟ್ಟಣ ತರಿಸಬೇಕಿಲ್ಲ. ನಮ್ಮ ರೈಲ್ವೆಯ ಜಲ್ಲಿ ಹೆಚ್ಚುಕಮ್ಮಿ 20ರಿಂದ 65 ಮಿಮೀ, 1:87ರಲ್ಲಿ ಅದು 0.23–0.75 ಮಿಮೀ. ಕಟ್ಟಡದ ಎಂ ಸ್ಯಾಂಡ್ ಗ್ರಾನೈಟ್ ಪುಡಿಯೇ, ಬಣ್ಣವೂ ಸರಿ. ತೊಳೆದು ಒಣಗಿಸಿ, ಹಿಟ್ಟಿನ ಜರಡಿಯಲ್ಲಿ ದೂಳು ಕಳೆದು, ಟೀ ಸೋಸುವ ಜಾಲರಿಯಲ್ಲಿ ದಪ್ಪ ಕಳೆಯಿರಿ. ಆಮೇಲೆ ಅಯಸ್ಕಾಂತ ಆಡಿಸಿ. ಕಬ್ಬಿಣದ ಕಣ ಉಳಿದರೆ ಮೋಟರಿನ ಅಯಸ್ಕಾಂತ ಅದನ್ನು ಎಳೆದುಕೊಂಡು ಗಿಯರ್ ಕೆಡುತ್ತದೆ.

ಹಳಿಗಳ ನಡುವೆ ಸುರಿದು ಬ್ರಶ್‌ನಿಂದ ಸ್ಲೀಪರ್ ಮಟ್ಟಕ್ಕೆ ತನ್ನಿ. ಮೊದಲು ನೀರು ಬೆರೆಸಿದ ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಸ್ಪ್ರೇ ಮಾಡಿ ಒದ್ದೆ ಮಾಡಿ, ಬಳಿಕ ಫೆವಿಕಾಲ್ ಒಂದು ಪಾಲು, ನೀರು ಒಂದು ಪಾಲು, ಪಾತ್ರೆ ತೊಳೆಯುವ ದ್ರಾವಣ ಎರಡು ಹನಿ ಬೆರೆಸಿ ಸಿರಿಂಜ್‌ನಿಂದ ಬಿಡಿ. ಒದ್ದೆ ಮಾಡದೆ ಬಿಟ್ಟರೆ ಅಂಟು ಮುತ್ತಿನಂತೆ ಉರುಳಿ ಜಲ್ಲಿಯಲ್ಲಿ ಗುಳಿ ಬೀಳುತ್ತದೆ. ಪಾಯಿಂಟ್‌ನ ನಾಲಿಗೆ ಮತ್ತು ಅಡ್ಡಪಟ್ಟಿಯ ಬಳಿ ಜಲ್ಲಿ ಹಾಕಬೇಡಿ, ಅಲ್ಲಿ ಬಣ್ಣ ಬಳಿದರೆ ಸಾಕು. ಮಲೆನಾಡಿನ ಕೆಮ್ಮಣ್ಣು ಬಳಸುವುದಾದರೆ ಬಾಣಲೆಯಲ್ಲಿ ಹುರಿದು ಜರಡಿ ಹಿಡಿಯಿರಿ, ಹುಳು, ಬೂಷ್ಟು ಬರುವುದಿಲ್ಲ.

ಈ ಕೆಲಸ ಎಲ್ಲ ಗಾಡಿಗಳೂ ಒಂದು ವಾರ ತಪ್ಪದೆ ಓಡಿದ ಮೇಲೆ. ಜಲ್ಲಿ ಅಂಟಿಸಿದ ಹಳಿಯನ್ನು ತಿದ್ದುವುದು ಅಂದರೆ ಕಿತ್ತು ಹಾಕುವುದು.

ಮಹಡಿ_ಜಂಕ್ಷನ್

ಎಲ್ಲವನ್ನೂ ಬರೆದಿಟ್ಟುಕೊಂಡೆ. ಕೊನೆಯ ಎರಡು ಪ್ರಶ್ನೆ. ಮಹಡಿಯಲ್ಲಿ ದೂಳು ಜಾಸ್ತಿ, ಹಳಿ ಶುಚಿ ಹೇಗೆ? ಡಿಸಿಸಿ ಶಾರ್ಟ್ ರಕ್ಷಣೆ ಸರಿಯಾಗಿದೆ ಎಂದು ತಿಳಿಯುವುದು ಹೇಗೆ?

ಧಾರವಾಡ_ಯಾರ್ಡ್

ಮೊದಲನೇದಕ್ಕ ನಾ ಹೇಳತೇನ್ರಿ. ಉಸುಕಿನ ಕಾಗದ ಹಚ್ಚಬ್ಯಾಡ್ರಿ. ಹಳಿ ಮ್ಯಾಲ ಗೀರು ಬೀಳತಾವು, ಆ ಗೀರಿನ್ಯಾಗ ಕೊಳಿ ಕೂತು ಮತ್ತ ಮತ್ತ ಒರಸಬೇಕಾಗತೈತಿ. ಹತ್ತಿ ಅರಬಿಗೆ 99 ಪರ್ಸೆಂಟ್ ಐಪಿಎ ಹಾಕಿ ಒರಸ್ರಿ, ಕಪ್ಪು ಬರೂದು ನಿಲ್ಲೂತನಕ. ಚಕ್ರಾನೂ ಮರೀಬ್ಯಾಡ್ರಿ, ಹಳಿ ಹೊಲಸಾಗೂದು ಅದ್ರಿಂದನ. ಪ್ಲಾಸ್ಟಿಕ್ ಚಕ್ರ ತಗದು ಲೋಹದ ಚಕ್ರ ಹಾಕಿದ್ರ ಕೊಳಿ ಭಾಳ ಕಡಿಮಿ ಆಗತೈತಿ. ಇಂಜಿನ್ ಚಕ್ರಕ್ಕ ಹಳಿ ಮ್ಯಾಲ ಒದ್ದಿ ಟಿಶ್ಯೂ ಹಾಸಿ, ಅರ್ಧ ಇಂಜಿನ್ ಅದರ ಮ್ಯಾಲ, ಅರ್ಧ ಬರೀ ಹಳಿ ಮ್ಯಾಲ ಇಟ್ಟು ಕೈಲೆ ಹಿಡದು ಓಡಸ್ರಿ. ಅಗರಬತ್ತಿ, ಒಗ್ಗರಣಿ ಹೊಗಿ ಬರೂ ಖೋಲ್ಯಾಗ ಲೇಔಟ್ ಇದ್ರ ಎಣ್ಣಿ ಪದರ ಕೂಡತೈತಿ, ಆಟ ಮುಗದ ಮ್ಯಾಲ ಹಳೀ ಬೆಡ್‌ಶೀಟ್ ಹೊಚ್ಚಿಬಿಡ್ರಿ. ಐಪಿಎ ಬೆಂಕಿ ಹತ್ತೂ ವಸ್ತು, ಒರಸುವಾಗ ಪವರ್ ಬಂದ್ ಇರಲಿ, ಕಿಟಕಿ ತೆರದಿರಲಿ.

ಕುಡ್ಲ_ಹಳಿ

ಐಪಿಎಗಿಂತ ವೈಟ್ ಸ್ಪಿರಿಟ್ (ಬಣ್ಣ ತೆಳು ಮಾಡುವ ದ್ರಾವಕ) ಒಳ್ಳೆಯದು ಎಂಬ ವಾದವೂ ಇದೆ. ಐಪಿಎ ಒರೆಸಿದ ಹಳಿ ಬೇಗ ಮತ್ತೆ ಕಪ್ಪಾಗುತ್ತದೆ ಅನ್ನುತ್ತಾರೆ. ನನ್ನ ಮಟ್ಟಿಗೆ ಮೊದಲು ಐಪಿಎಯಿಂದ ಕೊಳೆ ತೆಗೆದು ಕೊನೆಗೆ ವೈಟ್ ಸ್ಪಿರಿಟ್‌ನಿಂದ ಒಂದು ಸಲ ಒರೆಸುವುದೇ ಸರಿ. ಆದರೆ ಇಂಜಿನ್‌ನ ರಬ್ಬರ್ ಟೈರ್ ಇರುವ ಚಕ್ರಕ್ಕೆ ವೈಟ್ ಸ್ಪಿರಿಟ್ ತಾಗಿಸಬೇಡಿ, ರಬ್ಬರ್ ಉಬ್ಬಿ ಕಳಚಿಕೊಳ್ಳುತ್ತದೆ.

ಸಿವಿ_29

ಎರಡನೆಯದಕ್ಕೆ ನಾಣ್ಯ ಪರೀಕ್ಷೆ. ಇಂಜಿನ್‌ಗಳನ್ನೆಲ್ಲ ಹಳಿಯಿಂದ ತೆಗೆದು ಪವರ್ ಕೊಡಿ, ಒಂದು ರೂಪಾಯಿ ನಾಣ್ಯವನ್ನು ಎರಡು ಹಳಿಗೂ ತಾಗುವಂತೆ ಇಡಿ. ಕಮಾಂಡ್ ಸ್ಟೇಷನ್ (ಮೆಗಾ ಬೋರ್ಡ್ ಮತ್ತು ಶೀಲ್ಡ್ ಸೇರಿದ ಡಿಸಿಸಿ ಪೆಟ್ಟಿಗೆ) ಆ ಕ್ಷಣವೇ ಪವರ್ ಕಡಿಯಬೇಕು. ತೆಗೆದ ಮೇಲೆ ಮತ್ತೆ ಬರಬೇಕು. ಪ್ರತಿ ಅರ್ಧ ಮೀಟರ್‌ಗೂ, ಪ್ರತಿ ಪಾಯಿಂಟ್‌ನ ಮೂರೂ ತುದಿಗೂ, ಸುರಂಗದ ಒಳಗೂ ಮಾಡಿ. ಎಲ್ಲಾದರೂ ಕಡಿಯದೆ ನಾಣ್ಯ ಬಿಸಿಯಾದರೆ ಅಲ್ಲಿಗೆ ಬರುವ ತಂತಿಯ ತಡೆ ಹೆಚ್ಚಿದೆ ಎಂದರ್ಥ. ಇಂಜಿನ್ ಹಳಿ ತಪ್ಪಿ ಶಾರ್ಟ್ ಆದಾಗ ಅಷ್ಟೇ ಕರೆಂಟ್ ಅದರ ಟ್ರಾಲಿಯ ಮೂಲಕ ಹರಿದು ಪ್ಲಾಸ್ಟಿಕ್ ಕರಗಿಸುತ್ತದೆ. ಆ ಜಾಗಕ್ಕೆ ಇನ್ನೊಂದು ಫೀಡರ್ ಜೋಡಿಸಿ, ಮತ್ತೆ ನಾಣ್ಯ ಇಟ್ಟು ನೋಡಿ. ಜಲ್ಲಿ ಹಾಕುವ ಮೊದಲು ಒಮ್ಮೆ, ಹಾಕಿ ಒಣಗಿದ ಮೇಲೆ ಇನ್ನೊಮ್ಮೆ.